ಹೂಮಾಲೆ ಹಾಕಿಕೊಂಡ ಲೇತ್

ಕುಸನೂರಿನ ಆ ಓಣಿಯಲ್ಲಿ ಅವನು ಲೇತಿನ ಕಾಶಿರಾಯನೆಂದೇ ಹೆಸರುವಾಸಿ. ನಿವೃತ್ತಿಯಾದ ಮೇಲೆ ಕಟ್ಟೆಯ ಮೇಲೆ ಕೂತು, "ಡಿಪೋದಾಗ ಲೇತ್ ಅಂದ್ರ ನಾ, ನಾ ಅಂದ್ರ ಲೇತ್" ಎಂದು ಹೇಳಿಕೊಂಡು ಗಳಿಸಿದ ಹೆಸರು ಅದು. ಆ ಮಾತು ಬಂದಾಗಲೆಲ್ಲ ಹೆಂಡತಿ ಕಸ್ತೂರಿ ಒಳಗೆ ಎದ್ದು ಹೋಗುತ್ತಿದ್ದಳು.

ನಿಜ ಹೇಳಬೇಕೆಂದರೆ, ಬಸ್ ಡಿಪೋದಲ್ಲಿ ಅವನು ಸಾಮಾನು ಕೋಣೆಯ ಕಾರಕೂನ. ನಟ್ಟು ಬೋಲ್ಟು ಕೊಡುವುದು, ಸಹಿ ಹಾಕಿಸಿಕೊಳ್ಳುವುದು, ಕಬ್ಬಿಣ ಕಡೆಯುವ ಲೇತ್ ತಿರುಗುವುದನ್ನು ಕಿಟಕಿಯಿಂದ ಆಸೆಗಣ್ಣಿನಿಂದ ನೋಡುವುದು, ಇಷ್ಟೇ ಅವನ ಕೆಲಸ. ಮುಟ್ಟಲೇ ಎಂದು ಕೇಳಲು ಬಾಯಿ ಬರಲಿಲ್ಲ. ಸಾಯುವುದರೊಳಗೆ ಒಂದು ಕಬ್ಬಿಣದ ತುಂಡನ್ನಾದರೂ ತನ್ನ ಕೈಯಿಂದ ಕಡೆಯಬೇಕೆಂಬ ಹುಚ್ಚು ಮಾತ್ರ ಹೋಗಲಿಲ್ಲ.

ಕಮಲಾಪುರದಲ್ಲಿ ನಬಿಸಾಬ್ ಎಂಬ ಮುದುಕ ವರ್ಕ್‌ಶಾಪ್ ಮುಚ್ಚುವವನಿದ್ದ. ಅವನ ಬಳಿ ಅಜ್ಜನ ಕಾಲದ, ಚರ್ಮದ ಪಟ್ಟಾ ಮೇಲೆ ಓಡುವ ಲೇತ್ ಇತ್ತು. ಗುಜರಿಯವರು ಬಾಗಿಲಲ್ಲೇ ಕಾದು ನಿಂತರೂ ಅವನು ಅವರಿಗೆ ಕೊಡಲಿಲ್ಲ. "ನೀವು ಕಸಬಿನವ್ರು. ನಿಮ್ಮ ಕೈಯಾಗ ನನ್ನ ಮಷೀನ್ ನಡೀತದ" ಎಂದು, ಸುದ್ದಿ ತಿಳಿದು ಬಂದ ಕಾಶಿರಾಯನ ಹೆಸರು ನಂಬಿ ಅವನಿಗೆ ಕೊಟ್ಟ. ಕಾಶಿರಾಯ ಹೂಂ ಎಂದುಬಿಟ್ಟ.

ಮನೆಯ ಮಗ್ಗುಲಿನ ಪತ್ರಾ ಶೆಡ್ಡಿನಲ್ಲಿ ಹಾಸಿದ ಪರಸಿ ಕಲ್ಲುಗಳು ಮೋರಿಯ ಕಡೆ ಇಳಿಜಾರಾಗಿದ್ದವು. ಅವನ್ನು ಕೀಳಿಸಿ ಸಿಮೆಂಟ್ ಹಾಕಿಸಿದ. ಲೇತನ್ನು ಬೋಲ್ಟಿನಿಂದ ಬಿಗಿಸಿ, ಕಾಲಡಿ ತಗಡಿನ ಚೂರು ತೂರಿಸಿ, ರಸಮಟ್ಟ ಇಟ್ಟು ಇಟ್ಟು ನೋಡಿದ. ಕೊನೆಗೂ ಅದರೊಳಗಿನ ಗಾಳಿಗುಳ್ಳೆ ನಟ್ಟನಡುವೆ ಬಂದು ನಿಂತಿತು. ಇನ್ನು ಸ್ವಿಚ್ ಹಾಕುವುದೊಂದೇ ಬಾಕಿ. ಓಣಿಯೆಲ್ಲ ನೋಡಲು ನೆರೆದಿತ್ತು. ಮೊದಲ ತುಂಡೇ ಕೆಟ್ಟರೆ ಗಳಿಸಿದ ಹೆಸರೆಲ್ಲ ಮಣ್ಣುಪಾಲು. ಕಾಶಿರಾಯ ಸ್ವಿಚ್ಚಿನಿಂದ ಕೈ ಹಿಂದೆ ತೆಗೆದ.

"ಅಮಾಸಿ ಆಗಲಿ" ಎಂದ.

ಅಮಾವಾಸ್ಯೆಗೆ ವಿಭೂತಿ, ಕುಂಕುಮ, ಲಿಂಬೆಹಣ್ಣು, ಚೆಂಡು ಹೂವಿನ ಮಾಲೆ ಎಲ್ಲ ಏರಿದವು. ಸ್ವಿಚ್ ಮಾತ್ರ ಹಾಕಲಿಲ್ಲ. ಧನುರ್ಮಾಸದಲ್ಲಿ ಹೊಸದೇನೂ ಸುರು ಮಾಡಬಾರದು ಎಂದ. ಪೂಜೆಯೇನೋ ದಿನವೂ ನಡೆಯಿತು. ಪಕ್ಕದ ಮನೆಯ ಲಲಿತಾಬಾಯಿ ಬಂದು ದೀಪ ಹಚ್ಚಿದಳು. ಬಂದವರು ಚಪ್ಪಲಿ ಹೊರಗೆ ಬಿಡತೊಡಗಿದರು. ಯಾರೋ ಪರೀಕ್ಷೆಗೆ ಹೊರಟ ಮಗಳನ್ನು ಕರೆತಂದು ಅಡ್ಡಬೀಳಿಸಿದರು. ದೇವರಾದ ಮಷೀನನ್ನು ಎಣ್ಣೆಗೈಯಿಂದ ಮುಟ್ಟುವ ಮಾತೇ ಉಳಿಯಲಿಲ್ಲ. ಕಾಶಿರಾಯನಿಗೆ ಸದ್ಯ ಬದುಕಿಕೊಂಡೆ ಅನ್ನಿಸಿತು, ಅಷ್ಟೇ ನಾಚಿಕೆಯೂ ಆಯಿತು.

ಸಂಕ್ರಾಂತಿ ಕಳೆದ ಮೇಲೆ ನಬಿಸಾಬ್ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಿಡಿದು, ಬಸ್ ಹತ್ತಿ, ತನ್ನ ಮಷೀನ್ ನೋಡಲು ಬಂದ. ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಸಾಲು ಕಂಡು ಅವನೂ ಬಿಟ್ಟ. ಒಳಗೆ ಲಲಿತಾಬಾಯಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಏನೇನು ಮಾಡೀರಿ ಇದರಾಗ?" ಎಂದು ನಬಿಸಾಬ್ ಕೇಳಿದ.

"ಇನ್ನಾ ಸುರು ಮಾಡಿಲ್ರಿ" ಎಂದ ಹಿಂದೆಯೇ ಬಂದ ಕಾಶಿರಾಯ.

ಮುದುಕ ಮಾಲೆಯನ್ನು ಸರಿಸಿ ಕಬ್ಬಿಣದ ಮೇಲೆ ಕೈಯಾಡಿಸಿದ. "ಗುಜರಿಗೆ ಕೊಟ್ಟಿದ್ರ ಕರಗಿ ಏನರ ಒಂದು ಆಗ್ತಿತ್ತು. ನೀವು ನಡಸ್ತೀರಿ ಅಂತ ಕೊಟ್ಟೀನಲ್ರಿ" ಎಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಸಂಕಟವಿತ್ತು.

ಕಾಶಿರಾಯನಿಗೆ ತಡೆಯಲಾಗಲಿಲ್ಲ. "ನನಗ ನಡಸಾಕ ಬರಂಗಿಲ್ರಿ ನಬಿಭಾಯ್. ನಾ ಸಾಮಾನು ಕೋಣಿ ಕಾರಕೂನ. ಸುಳ್ಳು ಹೇಳೀನಿ."

ಲಲಿತಾಬಾಯಿಯ ಕೈ ನಿಂತಿತು. ಬಾಗಿಲಲ್ಲಿ ಚಹಾ ಹಿಡಿದು ಕಸ್ತೂರಿ ನಿಂತಿದ್ದಳು. ಅವನು ಎಲ್ಲರಿಗಿಂತ ಹೆಚ್ಚು ಹೆದರಿದ್ದು ಆ ಮುಖಕ್ಕೇ.

"ನನಗ ಗೊತ್ತಿಲ್ಲೇನ್ರೀ?" ಎಂದಳು ಅವಳು. "ನಿಮ್ಮ ಅಂಗಿ ಒಗದಾಕಿ ನಾ. ಒಂದಿನಾರ ಎಣ್ಣಿ ಡಾಗ, ಕರಿ ಕಲಿ ಇತ್ತೇನು?"

ನಬಿಸಾಬ್ ನಕ್ಕುಬಿಟ್ಟ. ಮಾಲೆ ತೆಗೆದು ಲಲಿತಾಬಾಯಿಯ ಕೈಗೆ ಕೊಟ್ಟು, ಪಟ್ಟಾ ಬಿಗಿ ಮಾಡಿ, ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿಗೆ ಒಂದು ಕಬ್ಬಿಣದ ಸರಳು ಹಿಡಿಸಿದ. "ಬರ್ರಿ, ಕಲ್ಸ್ತೀನಿ" ಎಂದ.

ಕಸ್ತೂರಿ ಒಳಗೆ ಹೋಗಿ ಗಂಡನ ಹಳೆಯ ಅಂಗಿಯೊಂದನ್ನು ತಂದು ಅವನ ಹೆಗಲಿಗೆ ಎಸೆದಳು. "ಇದನ್ನ ತೊಟ್ಕೋರಿ. ಸಂಜಿಕ ಡಾಗ ಇಲ್ದ ಒಳಗ ಬಂದ್ರ ಊಟ ಇಲ್ಲ ನೋಡ್ರಿ."