ಬಾಯಿಮಾತಿಗೆ ಕರೆದದ್ದು

ನಾವು ಸಮುದ್ರಕ್ಕೆ ಹೋಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಮಂಡಿಪೇಟೆಯ ನಮ್ಮ ಅಂಗಡಿಗೆ ಮಾಲು ಬಂತು, ಬಿಡುವಾಗಲಿಲ್ಲ ಎನ್ನುತ್ತೇನೆ. ಅದು ಸುಳ್ಳು. ಸುಳ್ಳು ಹೇಳುವುದು ನನಗೆ ಎಷ್ಟು ಸಲೀಸು ಎನ್ನುವುದು ಈ ಚಳಿಗಾಲದಲ್ಲಿ ನನಗೇ ಗೊತ್ತಾಯಿತು. ಗೊತ್ತಾದ ಮೇಲೆ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುವಾಗಲೂ ನಾಚಿಕೆಯಾಗುತ್ತದೆ.

ಪ್ರವಾಸದ ಆಸೆ ನನ್ನದೇ. ನಮ್ಮ ಮನೆತನದಲ್ಲಿ ಪ್ರವಾಸ ಎಂದರೆ ದೇವಸ್ಥಾನ. ಮದುವೆಯಾಗಿ ಬಂದಾಗಿನಿಂದ ನಾನು ನೋಡಿದ್ದೆಲ್ಲ ಗೋಪುರ, ಸಾಲು, ಪ್ರಸಾದ, ಮತ್ತೆ ಗಾಡಿ. ಗಾಡಿ ತುಂಬ ಮನೆಮಂದಿ, ನನ್ನ ಕಾಲ ಬಳಿ ಬುತ್ತಿಗಂಟು, ತೊಡೆಯ ಮೇಲೆ ಯಾರದೋ ಮಗು. ಆಗ ನಾವಿದ್ದದ್ದು ಅಂಗಡಿಯ ಮೇಲಿನ ಹಳೇ ಮನೆಯಲ್ಲಿ. ಅಲ್ಲಿ ಗಂಡ ಹೆಂಡತಿ ಬಾಗಿಲು ಹಾಕಿಕೊಂಡರೆ ಹೊರಗೆ ಯಾರಾದರೂ ಕೆಮ್ಮುತ್ತಲೇ ಇರುತ್ತಿದ್ದರು. ನಿಜಲಿಂಗಪ್ಪ ಬಡಾವಣೆಗೆ ಬಂದು, ಮಕ್ಕಳು ಓದಲು ಹಾಸ್ಟೆಲ್ ಸೇರಿದ ಮೇಲೆ, ಒಂದು ಸಲವಾದರೂ ನಾವಿಬ್ಬರೇ ಎಲ್ಲಾದರೂ ಹೋಗಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ ಗಂಡನ ಕೈ ಹಿಡಿದು ಮರಳಿನ ಮೇಲೆ ನಡೆಯಬೇಕು ಎನ್ನುವ ಆಸೆ. ಬರೆಯುವಾಗಲೇ ಕಿವಿ ಬಿಸಿಯಾಗುತ್ತದೆ, ಆದರೆ ಆಸೆ ಇದ್ದದ್ದು ಅದೇ.

ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಜಾಗ ಹುಡುಕಿದೆ. ಕಾರವಾರದ ಕಡೆ, ಘಟ್ಟ ಇಳಿದ ಮೇಲೆ, ಕಾಡು ಮುಗಿಯುವಲ್ಲೇ ಸಮುದ್ರ ಶುರುವಾಗುವ ಒಂದು ಕಡೆ. ಬೆಳಿಗ್ಗೆ ಕಾಡಿನಲ್ಲಿ ನಡೆಸಿಕೊಂಡು ಹೋಗಿ ಹಕ್ಕಿ ತೋರಿಸುತ್ತಾರೆ, ಮಧ್ಯಾಹ್ನ ದೋಣಿಯಲ್ಲಿ ಹಿನ್ನೀರು ಸುತ್ತಿಸುತ್ತಾರೆ, ಸಂಜೆ ದಂಡೆಯಲ್ಲಿ ಸುಮ್ಮನೆ ಕೂರಬಹುದು. ಉಳಿಯಲು ಇಬ್ಬರಿಗೆ ಸಾಲುವ ಹುಲ್ಲುಮಾಡಿನ ಕುಟೀರ. ಹತ್ತಿರದಲ್ಲಿ ದೇವಸ್ಥಾನ ಇದೆಯೇ ಎಂದು ಇವರು ಕೇಳಿದರು. ಇಲ್ಲ, ಅದಕ್ಕೇ ಆ ಜಾಗ ಹಿಡಿದಿದ್ದು ಎಂದೆ. ಕೆ.ಬಿ. ಬಡಾವಣೆಗೆ ಹೋಗಿ ಇಬ್ಬರಿಗೂ ಅಗಲ ಅಂಚಿನ ಟೋಪಿ ತಂದೆ. ಇವರು ಅದನ್ನು ಹಾಕಿಕೊಂಡು ಅಡುಗೆಮನೆಯಲ್ಲೆಲ್ಲ ಓಡಾಡಿ ನನ್ನನ್ನು ನಗಿಸಿದರು.

ಎಲ್ಲ ನಿಕ್ಕಿಯಾದ ಮೇಲೆ ಇವರು ಹೇಳಿದರು, "ಅಕ್ಕಗ ಒಂದು ಮಾತು ಹೇಳಿ ಬರಾಣ. ಹೇಳದಂಗ ಹೋದ್ರ ಚಂದ ಅಲ್ಲ."

ಇವರ ಅಕ್ಕ ಇರುವುದು ಹರಿಹರದಲ್ಲಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಇವರನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಗಂಡ ಹೋದ ಮೇಲೆ ಮನೆಯ ಮುಂಭಾಗದಲ್ಲಿದ್ದ ಹಿಟ್ಟಿನ ಗಿರಣಿಯನ್ನು ತಾವೇ ನಡೆಸಿದರು. ಈಗಲೂ ನಡೆಸುತ್ತಾರೆ. ಗಿರಣಿಯ ಸದ್ದಿಗೆ ದನಿ ಏರಿಸಿ ಏರಿಸಿ, ಗಿರಣಿ ನಿಂತಿದ್ದಾಗಲೂ ಕೂಗಿಯೇ ಮಾತಾಡುವ ಹೆಂಗಸು. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ಯಾರೂ ಅವರನ್ನು ಕದಲಿಸುವಂತಿಲ್ಲ. ಗೊರಕೆಯಂತೂ ಇನ್ನೊಂದು ಗಿರಣಿ. ನನಗೆ ಅವರ ಮೇಲೆ ಗೌರವ ಇತ್ತು, ಜೊತೆಗೆ ಒಂದಿಷ್ಟು ಸಿಡುಕೂ ಇತ್ತು.

ನಾವು ಹೋದಾಗ ಗಿರಣಿಯಲ್ಲಿ ಡಬ್ಬಿ ಹಿಡಿದ ಹೆಂಗಸರು ಕೂತಿದ್ದರು. "ಬರ್ರಿ, ಕೂಡ್ರಿ" ಆಯಿತು, ಚಹಾ ಆಯಿತು. ಇವರು ವಿಷಯ ಹೇಳಿದರು. ಅಕ್ಕ ಕಣ್ಣರಳಿಸಿ ಕೇಳಿಸಿಕೊಂಡರು. ಆಗ ನನ್ನ ಬಾಯಿಂದ ಆ ಮಾತು ಬಂತು.

"ನೀವೂ ಬರ್ರಿ ಅಕ್ಕಾರ."

ನಮ್ಮ ಕಡೆ ಈ ಮಾತಿಗೆ ಅರ್ಥವಿಲ್ಲ. ಊಟಕ್ಕೆ ಕೂತಾಗ ಬಾಗಿಲಿಗೆ ಬಂದ ಕೊರಿಯರ್‌ನವನಿಗೂ "ಬರ್ರಿ, ಊಟ ಮಾಡ್ರಿ" ಅನ್ನುತ್ತೇವೆ. ಅವನು "ಆತ್ರಿ, ನೀವು ಮಾಡ್ರಿ" ಅನ್ನುತ್ತಾನೆ. ಊರಿಗೆ ಹೊರಟಾಗ ಎದುರು ಸಿಕ್ಕವರಿಗೆಲ್ಲ "ನೀವೂ ಬರ್ರಿ" ಅನ್ನುತ್ತೇವೆ. ಅವರು "ಇಲ್ರೀ, ನೀವು ಹೋಗಿ ಬರ್ರಿ" ಅನ್ನಬೇಕು, ಅನ್ನುತ್ತಾರೆ. ಕರೆಯದಿದ್ದರೆ ಸೊಕ್ಕು, ಕರೆದಾಗ ಬಂದರೆ ಪೆದ್ದುತನ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ.

ಅಕ್ಕ ಅಂದರು, "ಆಗ್ಲಿ ಬಿಡು, ಬರ್ತೀನಿ. ಯಾವತ್ತು ಹೊಂಡೋದು?"

ನಾನು ನಗುತ್ತಲೇ ಇದ್ದೆ. ಅಕ್ಕ ಕೂತಿದ್ದ ಹೆಂಗಸರ ಕಡೆ ತಿರುಗಿದರು. "ಒಂದ್ಸಲ ಉಡುಪಿಯಿಂದ ಕೊಲ್ಲೂರಿಗೆ ಹೋಗಾಗ ರಸ್ತೆ ಪಕ್ಕದಾಗ ಕಂಡಿತ್ತು ನೋಡ್ರಿ ಸಮುದ್ರ. ನಿಲ್ಸಪ್ಪಾ ಅಂತ ಬಸ್ಸಿನೋನಿಗೆ ಎಷ್ಟು ಬಡ್ಕೊಂಡೆ. ಪೂಜಿಗೆ ಹೊತ್ತಾಗ್ತೈತಿ ಅಂದ, ನಿಲ್ಲಸ್ಲಿಲ್ಲ. ಈಗ ನಮ್ಮ ತಮ್ಮನ ಹೆಂಡ್ತಿ ಕರಿತಾಳ." ಎದ್ದು ಹೋಗಿ, ಕ್ಯಾಲೆಂಡರಿನಲ್ಲಿ ನಾವು ಹೊರಡುವ ದಿನಕ್ಕೆ ಅರಿಶಿನ ಬೀಸಿದ ಬೆರಳಲ್ಲೇ ಒಂದು ಗುರುತು ಹಾಕಿದರು.

ಹರಿಹರ ಹಿಂದೆ ಬೀಳುವ ಮೊದಲೇ ನಾನು ಇವರ ಮೇಲೆ ಹರಿಹಾಯ್ದೆ. ಮೂರು ಜನ ಆ ಕುಟೀರದಲ್ಲಿ ಹೇಗೆ ಮಲಗುವುದು, ಅವರಿಗೆ ಅಲ್ಲಿಯ ಊಟ ಆಗುತ್ತದೆಯೇ, ಕಾಡಿಗೆ ಹೊರಡುವ ಹೊತ್ತಿಗೆ ಅವರ ಪೂಜೆ ಮುಗಿಯುತ್ತದೆಯೇ, ಎಲ್ಲ ಕೇಳಿದೆ. ನಿಜವಾದ ಕಾರಣವನ್ನು ಮಾತ್ರ ಹೇಳಲಿಲ್ಲ. ಇವರು ಗಾಡಿ ಓಡಿಸುತ್ತಲೇ ಅಂದರು, "ಬಂದ್ರ ಬರ್ಲಿ ಬಿಡು. ನನ್ನ ಕೇಳಿ ಕರೆದ್ಯಾ? ಕರೆದಾಕಿ ನೀನು. ಬ್ಯಾಡ ಅನ್ನೋದಿದ್ರ ಅದನ್ನೂ ನೀನ ಅನ್ನು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆ ಮುಟ್ಟುವವರೆಗೆ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಆಮೇಲಿನ ದಿನಗಳಲ್ಲಿ ಅಕ್ಕ ದಿನವೂ ಫೋನು ಮಾಡತೊಡಗಿದರು. ಅಲ್ಲಿ ಚಳಿ ಇರುತ್ತದೆಯೇ, ದೋಣಿಯಲ್ಲಿ ತಲೆ ಸುತ್ತಿದರೆ ನಿಂಬೆಹಣ್ಣು ಮೂಸಬೇಕೇ, ಚಪ್ಪಲಿ ಯಾವುದು ಹಾಕಬೇಕು. ಒಂದೊಂದು ಪ್ರಶ್ನೆಗೂ ನನ್ನ ಪ್ರವಾಸ ಇಷ್ಟಿಷ್ಟೇ ಕೈಜಾರಿ ಹೋಗುತ್ತಿದೆ ಅನ್ನಿಸುತ್ತಿತ್ತು. ಅವರನ್ನು ಕರೆದುಕೊಂಡು ಹೋದರೆ ನಾನು ಮತ್ತೆ ಬುತ್ತಿಗಂಟಿನ ಸೊಸೆಯಾಗುತ್ತೇನೆ. ಅವರನ್ನು ಕೂರಿಸಿ, ಎಬ್ಬಿಸಿ, ನೀರು ಕೊಟ್ಟು, ಇವರಿಂದ ಒಂದು ಗಜ ದೂರದಲ್ಲಿ ಸೆರಗು ಸರಿಮಾಡಿಕೊಂಡು ನಡೆಯುತ್ತೇನೆ. ಅದು ನನಗೆ ಬೇಡವಾಗಿತ್ತು. ಅವರಿಗೆ ಸಮುದ್ರ ಬೇಕಾಗಿತ್ತು ಎನ್ನುವುದು ತಿಳಿಯದೆ ಇರಲಿಲ್ಲ. ತಿಳಿದೂ ಒಂದು ದಿನ ಸ್ನಾನ ಮುಗಿಸಿ ಬಂದವಳೇ ಫೋನು ಹಚ್ಚಿದೆ.

"ಅಕ್ಕಾರ, ಒಂದು ಎಡವಟ್ಟಾಗೈತೆ. ಆ ಕಾಡಿನಾಗ ಅರವತ್ತು ದಾಟಿದೋರನ್ನ ಬಿಡಂಗಿಲ್ಲಂತ್ರಿ. ಆಧಾರ್ ಕಾರ್ಡ್ ನೋಡ್ತಾರಂತ."

ಆ ಕಡೆ ಗಿರಣಿ ಓಡುತ್ತಿತ್ತು. ಅವರು ಅದನ್ನು ನಿಲ್ಲಿಸಿದ್ದು ಕೇಳಿಸಿತು.

"ಸಮುದ್ರಕ್ಕೂ ಆಧಾರ್ ಕೇಳ್ತಾರೇನು?"

"ಅದು ಕಾಡಿಗೆ ಅಕ್ಕಾರ."

"ಕಾಡು ನನಗ್ಯಾಕ ಬೇಕವ್ವ. ನೀವು ಕಾಡಿಗೆ ಹೋಗಿ ಬರ್ರಿ. ನಾನು ರೂಮಿನಾಗ ಕೂಡ್ತೀನಿ. ಸಂಜೀಕ ನೀರಿನ ಹತ್ರ ಹೋದ್ರಾತು."

ಇಷ್ಟು ಸುಲಭದ ದಾರಿ ಅವರೇ ತೋರಿಸಿದ್ದರು. ನಾನು ಅದಕ್ಕೂ ಮುಳ್ಳು ಹಚ್ಚಿದೆ. ರೂಮು ಸಿಗಲಿಲ್ಲ, ಎಲ್ಲ ತುಂಬಿದೆಯಂತೆ, ಎರಡೇ ಹೆಸರು ಬರೆದುಕೊಂಡಿದ್ದಾರಂತೆ, ಬದಲಾಯಿಸಲು ಬರುವುದಿಲ್ಲವಂತೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು. ಕೇಳಿಕೊಂಡು ಬಂದವಳ ಹಾಗೆ ಪ್ರತಿ ಮಾತಿಗೂ 'ಅಂತೆ' ಹಚ್ಚುತ್ತಿದ್ದೆ.

ನಾನು ಯಾವತ್ತೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಅಕ್ಕ ಅಂದರು, "ಇರ್ಲಿ ಬಿಡವ್ವ. ನೀವು ಹೋಗಿ ಬರ್ರಿ."

ಮೊದಲ ದಿನವೇ ಅವರು ಆಡಬೇಕಾಗಿದ್ದ ಮಾತು ಕೊನೆಗೂ ಬಂದಿತ್ತು. ನನಗೆ ಹಗುರವಾಯಿತು, ಹೌದು, ಮೊದಲು ಆದದ್ದು ಹಗುರವೇ. ಸಂಜೆಯವರೆಗೂ ಗುನುಗುತ್ತಾ ಬಟ್ಟೆ ಮಡಚಿದೆ. ಇವರು ಅಂಗಡಿಯಿಂದ ಬಂದಾಗ, "ಅಕ್ಕಾರು ಬರಲ್ಲಂತ" ಎಂದೆ. ಇವರು ನನ್ನ ಮುಖ ನೋಡಿದರು, ಯಾಕ ಅಂತ ಕೇಳಲಿಲ್ಲ. ಕೇಳದೆ ಇದ್ದದ್ದು ನನಗೆ ಚುಚ್ಚಿತು. ಅನ್ನ ಬಡಿಸುವಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನೇ ಶುರುಮಾಡಿದೆ, "ಅವರಿಗ ಮೊಣಕಾಲು ನೋವು, ಪಾಪ, ಮರಳಿನಾಗ ಹೆಂಗ ನಡೀತಾರ." ಇವರು ಸಾರು ಸಾಕು ಎಂದರು.

ಹೊರಡುವ ದಿನ ಹತ್ತಿರ ಬಂದಾಗ ಅಕ್ಕ ಇವರಿಗೆ ಫೋನು ಮಾಡಿ, ದಾರಿಗೆ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಮಾಡಿಟ್ಟಿದ್ದೇನೆ, ಬಂದು ಒಯ್ಯಿರಿ ಎಂದರಂತೆ. ಇವರಿಗೆ ಅಂಗಡಿ ಬಿಡಲು ಆಗಲಿಲ್ಲ. ಆಗಲಿಲ್ಲವೋ, ನನ್ನನ್ನೇ ಕಳಿಸಬೇಕು ಅಂತ ಮಾಡಿದರೋ. ಹರಿಹರದ ಬಸ್ಸು ಹತ್ತಿದೆ.

ಗಿರಣಿಯಲ್ಲಿ ಎದುರು ಮನೆಯ ಹೆಂಗಸು ಜೋಳ ಬೀಸಿಸಲು ಬಂದು ಕೂತಿದ್ದಳು. ಅಕ್ಕ ಎಂದಿನಂತೆ ಕೂಗಿಯೇ ಒಳಗೆ ಕರೆದರು, ಕೂರಿಸಿದರು, ಚಹಾ ತಂದು ಕೊಟ್ಟರು. ನನ್ನ ಮೇಲೆ ಸಿಟ್ಟಿನ ಸುಳಿವೂ ಇರಲಿಲ್ಲ. ಎದುರು ಮನೆಯವಳು ನನ್ನನ್ನು ಮೆಚ್ಚುಗೆಯಿಂದ ನೋಡಿದಳು.

"ನಿಮ್ಮಂಥೋರು ಸಿಗಬೇಕು ನೋಡ್ರಿ. ಫೋನ್ ಮ್ಯಾಲ ಫೋನ್ ಮಾಡಿ ಕರೆದ್ರಂತ, ಈ ಅಕ್ಕಾರೇ ಒಲ್ಲೆ ಅಂದ್ರಂತ. ನಾವೆಲ್ಲ ಬೈದ್ವಿ. ಗಿರಣಿ ಬಂದ್ ಅಂತ ಬಾಗಿಲಿಗ ಬರೆದಿದ್ರು, ನೀರಿಗ ಇಳಿದ್ರ ಕಾಟನ್ ಭಾರ ಆಗ್ತೈತಿ ಅಂತ ನೈಲಾನ್ ಸೀರಿ ತಂದಿದ್ರು. ಹೊಂಡೋ ಹೊತ್ತಿಗ ಒಲ್ಲೆ ಅಂದ್ರ ಹೆಂಗ್ರಿ?"

"ಗಂಡ ಹೆಂಡ್ತಿ ನಡುವ ನಾನ್ಯಾಕ ಶನಿ ಇದ್ದಂಗ?" ಎಂದರು ಅಕ್ಕ. ನನ್ನ ಕಡೆ ನೋಡದೆ, ಹಿಟ್ಟಿನ ಡಬ್ಬಿಯ ಮುಚ್ಚಳ ಒತ್ತುತ್ತಾ.

ಅವರಿಗೆ ಎಲ್ಲ ಗೊತ್ತಿತ್ತು. ಆಧಾರ್ ಕಾರ್ಡಿನ ಸುಳ್ಳು ಗೊತ್ತಿತ್ತು, ಅದರ ಹಿಂದಿನ ನನ್ನ ಆಸೆಯೂ ಗೊತ್ತಿತ್ತು. ಗೊತ್ತಿದ್ದೂ ಓಣಿಯ ಮುಂದೆ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿದ್ದರು. ನನಗೆ ಆದ ನಾಚಿಕೆ ಎಂಥದ್ದೆಂದರೆ, ಕೂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅದನ್ನು ಹೊತ್ತುಕೊಂಡು ಇನ್ನೊಂದು ಗಳಿಗೆಯೂ ಕೂರಲು ನನ್ನಿಂದಾಗಲಿಲ್ಲ.

"ಅಕ್ಕಾರ, ಬರ್ರಿ. ಮೂರೂ ಜನ ಹೋಗಾಣ."

ಅಕ್ಕ ನಕ್ಕರು. "ಕರೆಯೋ ಶಾಸ್ತ್ರ ಆತಲ್ಲವ್ವ. ಚಾ ಕುಡಿ."

"ಶಾಸ್ತ್ರಕ್ಕಲ್ರಿ. ಖರೇನ ಕರೀತೀನಿ."

ಎದುರು ಮನೆಯವಳು ತಮಾಷೆಗೇ ಕೇಳಿದಳು, "ಹಂಗಾರ ಮೊದ್ಲು ಕರೆದಿದ್ದು ಸುಳ್ಳಾ?"

ನಾನು ಲೋಟ ಕೆಳಗಿಟ್ಟೆ. "ಹೌದ್ರಿ, ಸುಳ್ಳು. ಬಾಯಿಮಾತಿಗ ಕರೆದಿದ್ದೆ. ಅಕ್ಕಾರು ಬರ್ತೀನಿ ಅಂದ್ರು. ನಾನ ಸುಳ್ಳು ಹೇಳಿ ತಪ್ಪಿಸ್ದೆ. ಅವರು ಒಲ್ಲೆ ಅಂದಿಲ್ಲ."

ಹೇಳಿಬಿಟ್ಟ ಮೇಲೆ ಎದೆ ಖಾಲಿಯಾದ ಹಾಗಾಯಿತು. ಸ್ವಲ್ಪ ಹೆಮ್ಮೆಯೂ ಆಯಿತು ಅಂದರೆ ನಂಬಬೇಕು. ಎಲ್ಲರೆದುರು ತಪ್ಪು ಒಪ್ಪಿಕೊಂಡೆನಲ್ಲ, ಇನ್ನು ಅಕ್ಕ ಬೈಯುತ್ತಾರೆ, ಅಳುತ್ತಾರೆ, ಬರುತ್ತಾರೆ ಅಂದುಕೊಂಡೆ. ಆದರೆ ಎದುರು ಮನೆಯವಳು ನನ್ನನ್ನು ನೋಡುತ್ತಿರಲಿಲ್ಲ. ಅಕ್ಕನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿದ್ದದ್ದು ಕನಿಕರ. "ಹಿಟ್ಟು ಆಮ್ಯಾಲ ಒಯ್ತೀನ್ರಿ" ಎಂದು ಮೆಲ್ಲಗೆ ಎದ್ದು, ಡಬ್ಬಿ ಅಲ್ಲೇ ಬಿಟ್ಟು ರಸ್ತೆ ದಾಟಿದಳು. ಅವಳು ಬಾಗಿಲು ಮುಟ್ಟುವ ಮೊದಲೇ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದವಳು ಅವಳನ್ನು ಮಾತಾಡಿಸಿದಳು.

ಅಕ್ಕ ಅದನ್ನು ನೋಡಿದರು. ಗಿರಣಿ ಬಂದ್ ಮಾಡಿದರು. ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ನಿಂತರು. ಕೂಗುವ ಹೆಂಗಸು ಆಗ ಕೂಗಲಿಲ್ಲ.

"ನಿನಗ ಹಗುರಾತೇನವ್ವ?" ಎಂದು ಕೇಳಿದರು.

ನಾನು ಕೆಳಗಿಟ್ಟಿದ್ದ ಲೋಟವನ್ನು ಎತ್ತಿಕೊಂಡರು.

"ಈ ಓಣ್ಯಾಗ ನಾನು ಬ್ಯಾಡ ಅಂದಾಕಿ ಆಗಿದ್ದೆ. ಈಗ ಬ್ಯಾಡಾದಾಕಿ ಮಾಡಿಟ್ಟಿ."