ಏಳು ವ್ಯಾಟಿನ ಕೋಳಿ

ಹಳೇಬೀಡಿನ ಬಸದಿ ಬೀದಿಯಲ್ಲಿ ಹುಟ್ಟಿ, ಮೊಟ್ಟೆಯನ್ನೂ ಮುಟ್ಟದೆ ಬೆಳೆದ ಜಿನೇಶನೆಂಬ ನಾನು ಪಿಎಚ್‌.ಡಿ.ಗೆ ಆರಿಸಿಕೊಂಡದ್ದು ನಾಟಿ ಕೋಳಿಯನ್ನು. ಆರಿಸಿಕೊಂಡೆ ಅನ್ನುವುದೂ ಜಂಬವೇ; ಗೈಡ್ ಹತ್ತಿರ ಉಳಿದಿದ್ದದ್ದು ಅದೊಂದೇ ವಿಷಯ. ಸುಮ್ಮನೆ ಕೂತ ಕೋಳಿಯ ಮೈ ಎಷ್ಟು ಶಾಖ ಹುಟ್ಟಿಸುತ್ತದೆ ಎಂದು ಅಳೆಯಬೇಕಿತ್ತು.

"ಯಾವ ಜೀವಕ್ಕೂ ಹಿಂಸೆ ಆಗಬಾರದು ಕಣೋ," ಎಂದು ಅಮ್ಮ ಮಾತು ತೆಗೆದುಕೊಂಡಳು. ಧಾರಾಳವಾಗಿ ಕೊಟ್ಟೆ.

ಅರಸೀಕೆರೆಯ ಕಾಲೇಜಿನಲ್ಲಿ ಪಾಠ ಮುಗಿಸಿ, ಬಸ್ಸು ಹತ್ತಿ ಹಾರನಹಳ್ಳಿಯ ಮುದ್ದಮ್ಮನವರ ಹಿತ್ತಲಿಗೆ ಹೋಗುತ್ತಿದ್ದೆ. ಕೋಳಿಗಳು ಅವರವು. ಹಿಡಿದು ಪೆಟ್ಟಿಗೆಯೊಳಗೆ ಕೂರಿಸುವವರೂ ಅವರೇ. ಕುಕ್ಕಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಕತ್ತಲೆಯ ಆ ಪೆಟ್ಟಿಗೆಯಲ್ಲಿ ಕೋಳಿ ಎಷ್ಟು ಆಮ್ಲಜನಕ ಬಳಸಿತೆಂದು ಯಂತ್ರ ತಾನೇ ದಾಖಲಿಸುತ್ತದೆ. ಅದರಿಂದ ಶಾಖದ ಲೆಕ್ಕ. ಆದರೂ ನಾನು ಐದೈದು ನಿಮಿಷಕ್ಕೆ ಗಾಜಿನ ಕಿಂಡಿಯ ಪರದೆ ಸರಿಸಿ, ಟಾರ್ಚು ಬಿಟ್ಟು ಇಣುಕುತ್ತಿದ್ದೆ. ವಿಜ್ಞಾನಿಗೆ ಶ್ರದ್ಧೆ ಬೇಡವೇ?

ಪುಸ್ತಕದ ಪ್ರಕಾರ ಒಂದು ಕೆ.ಜಿ. ಕೋಳಿಗೆ ಸುಮಾರು ನಾಲ್ಕು ವ್ಯಾಟ್. ನನಗೆ ಎರಡು ವರ್ಷವೂ ಸಿಕ್ಕಿದ್ದು ಏಳು. ನಮ್ಮ ಸೀಮೆಯ ಕೋಳಿ ಮೈಯಲ್ಲೇ ಒಲೆ ಹೊತ್ತ ಅಪೂರ್ವ ತಳಿಯೆಂದು ಸೆಮಿನಾರಿನಲ್ಲಿ ಸೂಟು ತೊಟ್ಟು ಘೋಷಿಸಿದೆ. ಚಪ್ಪಾಳೆಯೂ ಬಿತ್ತು.

ಒಂದು ದಿನ ಬಸ್ಸು ಕೆಟ್ಟಿತು. "ಸ್ವಿಚ್ ಹಾಕಿ ನಿಮ್ಮ ಕೆಲಸಕ್ಕೆ ಹೋಗಿ," ಎಂದು ಮುದ್ದಮ್ಮನವರಿಗೆ ಫೋನ್ ಮಾಡಿದೆ. ಅಂದಿನ ಅಳತೆ: ನಾಲ್ಕು. ಯಂತ್ರ ಹಾಳಾಯಿತೆಂದು ನಾಲ್ಕು ದಿನ ಕೊಳವೆ, ತಿರುಪು ಎಲ್ಲ ಬಿಚ್ಚಿ ಹಾಕಿದೆ. ಏನೂ ಕೆಟ್ಟಿರಲಿಲ್ಲ.

ಮುದ್ದಮ್ಮ ರಾಗಿ ಕೇರುತ್ತಾ ನೋಡುತ್ತಿದ್ದರು. "ಮಿಷಿನ್ ಸರಿಯಾಗೇ ಐತೆ ಸಾ. ನೀವ್ ಬಂದು ಇಣುಕಿದ್ರೆ ಅದ್ರ ಎದೆ ಡವಡವ ಅಂತೈತೆ. ಆಮ್ಯಾಕೆ ಆಚೆ ತೆಗ್ಯಾಕೆ ಹಿಡ್ಕಂಡಾಗ ನನ್ ಕೈಗೇ ಗೊತ್ತಾಯ್ತದೆ."

"ಎರಡು ವರ್ಷದಿಂದ ಯಾಕೆ ಹೇಳಲಿಲ್ಲ?"

"ಅದ್ನೇ ಅಳೀತಾವ್ರೆ ಅನ್ಕಂಡಿದ್ದೆ."

ನಂಬದೆ ಪರೀಕ್ಷಿಸಿದೆ. ಇಣುಕಿದ ದಿನ ಏಳು, ತೋಟದಾಚೆ ಕೂತ ದಿನ ನಾಲ್ಕು. ಹತ್ತು ಸಲವೂ ಹಾಗೆಯೇ. ನಾನು ಅಳೆದದ್ದು ಕೋಳಿಯ ವಿಶ್ರಾಂತಿಯನ್ನಲ್ಲ, ನನ್ನ ಮುಖ ಕಂಡ ಅದರ ಗಾಬರಿಯನ್ನು. ಅಂದು ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ಆ ಮುಖ ನೋಡಿಕೊಳ್ಳಲಿಕ್ಕೂ ನಾಚಿಕೆಯಾಯಿತು.

ಗೈಡ್ ಎದುರು ತಪ್ಪೊಪ್ಪಿಕೊಂಡೆ. ಎಲ್ಲವನ್ನೂ ಮತ್ತೆ ಅಳೆಯಲು ಹದಿನಾಲ್ಕು ತಿಂಗಳು ಹಿಡಿಯಿತು. ಮುದ್ದಮ್ಮ ಯಂತ್ರ ನಡೆಸಿದರು, ನಾನು ಬಸ್‌ಸ್ಟಾಂಡಿನಲ್ಲಿ ಟೀ ಕುಡಿದೆ. ಅಪೂರ್ವ ತಳಿ ಮಾಯವಾಗಿ, ಪ್ರಬಂಧ ಅರ್ಧಕ್ಕಿಳಿಯಿತು. ಪದವಿ ಮಾತ್ರ ಸಿಕ್ಕಿತು.

ಸಿಹಿ ಹಿಡಿದು ಮನೆಗೆ ಹೋದೆ. "ಕೋಳಿಗಳಿಗೆ ನಿನ್ನಿಂದ ಏನಾದರೂ ಉಪಕಾರ ಆಯ್ತೇನೋ?" ಎಂದಳು ಅಮ್ಮ.

"ಆಯ್ತಮ್ಮ. ಕೊನೆಕೊನೆಗೆ ಅವುಗಳ ಹತ್ತಿರವೇ ಹೋಗಲಿಲ್ಲ."