ಬಾಳಮ್ಮ ಕಲಿಸಿದ ಮಾತು

ಮಹಾರಾಷ್ಟ್ರದ ಉದಗೀರದ ಆಸ್ಪತ್ರೆಯೊಂದರಲ್ಲಿ ಬಾಳಮ್ಮ ಆಯಾ ಆಗಿ ಇಪ್ಪತ್ತೆರಡು ವರ್ಷ ದುಡಿದಿದ್ದಳು. ಕುರಿ ಕಾಯುವ ಮನೆತನದವಳು. ಗಂಡ ತೀರಿಕೊಂಡ ಮೇಲೆ ಸ್ಟೇಶನ್ನಿನ ಹತ್ತಿರ ಖೋಲಿ ಹಿಡಿದು ಒಬ್ಬಳೇ ಇದ್ದಳು. ಅಕ್ಕಪಕ್ಕದವರೆಲ್ಲ ಮರಾಠಿಯವರು. ಕನ್ನಡ ಅವಳ ಕಿವಿಗೆ ಬೀಳುತ್ತಿದ್ದುದು ವಾರ್ಡಿನಲ್ಲಿ ಮಾತ್ರ, ಅದೂ ಹೆಚ್ಚಾಗಿ ಸಾಯುವವರ ಬಾಯಿಂದ. ಜನ್ಮವೆಲ್ಲ ಪೇಟೆಯಲ್ಲಿ ಮರಾಠಿ ಆಡಿದವರೂ ಕೊನೆಗೆ ಮನೆಮಾತಿಗೆ ಹೊರಳುತ್ತಿದ್ದರು.

ಒಂದು ಮಳೆಗಾಲದಲ್ಲಿ ವಲಾಂಡಿಯ ಜಗದೇವಪ್ಪನೆಂಬ ಮುದುಕ ಗಂಟಲ ಕ್ಯಾನ್ಸರಾಗಿ ಬಂದ. ಅವನನ್ನು ನೋಡಿಕೊಳ್ಳುವ ಕೆಲಸ ನರ್ಸಿಂಗ್ ಕಲಿಯುತ್ತಿದ್ದ ಪ್ರಣಿತಾಳ ಪಾಲಿಗೆ ಬಂತು. ನಾಂದೇಡ ಕಡೆಯ ಹುಡುಗಿ, ಕನ್ನಡ ಬಾರದು.

"ನೀರ ಒಲ್ಲೆ," ಎಂದು ಮುದುಕ ಗೊಣಗಿದ.

ಅವಳಿಗೆ ತಿಳಿದದ್ದು ನೀರು ಎಂಬುದಷ್ಟೇ. ಚಮಚದಿಂದ ಬಾಯಿಗೆ ಹಾಕಿದಳು. ನೀರು ನೆತ್ತಿಗೇರಿ ಮುದುಕನ ಕಣ್ಣು ಮೇಲಾದವು. ನೆಲ ಒರೆಸುತ್ತಿದ್ದ ಬಾಳಮ್ಮ ಓಡಿಬಂದು, ಅವನನ್ನು ಎಬ್ಬಿಸಿ ಎದೆಗೊರಗಿಸಿಕೊಂಡು ಬೆನ್ನು ನೀವಿದಳು.

"ಆಯ್ತು ಯಪ್ಪಾ, ಇನ್ ಯಾರೂ ಹಾಕಂಗಿಲ್ಲ."

ಕೆಮ್ಮು ನಿಂತ ಮೇಲೆ ಅವನು ಕೇಳಿದ, "ನೀ ನಮ್ಮಾಕಿ ಏನವ್ವಾ?"

"ಹೌದೋ ಯಪ್ಪಾ, ನಿಮ್ಮಾಕೀನೇ."

ಪ್ರಣಿತಾ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಸುದ್ದಿ ಕೇಳಿದ ಟ್ಯೂಟರ್ ಭುವನೇಶ್ವರಿ ಅವಳನ್ನು ಬೈಯಲಿಲ್ಲ. ವಾರಕ್ಕೊಂದು ತಾಸು ಹುಡುಗಿಯರಿಗೆ ರೋಗಿಗಳ ಈ ಕನ್ನಡ ಮಾತು ಕಲಿಸೆಂದು ಬಾಳಮ್ಮನಿಗೆ ಹೇಳಿದಳು.

ಸಹಿಗಿಂತ ಹೆಚ್ಚು ಬರೆದು ಗೊತ್ತಿಲ್ಲದ ಬಾಳಮ್ಮ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಮತ್ತೆ ಕೆಳಗಿಟ್ಟಳು. ಕೊನೆಗೆ ಅಭ್ಯಾಸಕ್ಕೆಂದು ಪಕ್ಕದಲ್ಲಿಟ್ಟಿದ್ದ ಖಾಲಿ ಮಂಚದ ಮೇಲೆ ತಾನೇ ಮಲಗಿಬಿಟ್ಟಳು. "ಮಗ್ಗಲಾ ಹೊಳ್ಳಸ್ರಿ," ಎಂದಳು. ಅರ್ಥವನ್ನು ಮರಾಠಿಯಲ್ಲಿ ಬಿಡಿಸಿ ಹೇಳಿ, ಅವರ ಕೈಯಿಂದಲೇ ತನ್ನನ್ನು ಹೊರಳಿಸಿಕೊಂಡಳು. "ಕಾಲ ಥಂಡ ಆಗ್ಯಾವ." "ಜೀವಾ ಕಳಮಳ ಆಗ್ಲತದ." ಹುಡುಗಿಯರು ಬರೆದುಕೊಂಡರು.

"ಯಾರರ ಇದ್ದೀರೇನು?" ಎಂದಳು.

ಎಲ್ಲಕ್ಕಿಂತ ಹೆಚ್ಚಾಗಿ ಜನ ಕೇಳುವುದು ಇದನ್ನೇ, ಆಗ ಕೈ ಹಿಡಿದು "ನಾ ಇದ್ದೀನಿ" ಅನ್ನಬೇಕು ಎಂದು ತಿಳಿಸಿದಳು. ಪ್ರಣಿತಾ ಮುಂದೆ ಬಂದು ಅವಳ ಕೈ ಹಿಡಿದು, ತೊದಲುತ್ತ, "ನಾ ಇದ್ದೀನಿ," ಎಂದಳು. ಬಾಳಮ್ಮ ಮುಂದಿನ ಮಾತಿಗೆ ಹೋಗದೆ ಅದನ್ನೇ ಇನ್ನೊಮ್ಮೆ ಹೇಳಿಸಿದಳು. ಅವಳ ಕೈ ಯಾರಾದರೂ ಹಿಡಿದು ಎಷ್ಟು ವರ್ಷವಾಗಿತ್ತೋ.

ಪಾಠವಾದ ಐದು ದಿನಕ್ಕೆ ಜಗದೇವಪ್ಪ ತೀರಿಹೋದ. ಆ ಮಧ್ಯಾಹ್ನವೆಲ್ಲ ಪ್ರಣಿತಾ ಅವನ ಪಕ್ಕ ಬಿಟ್ಟೇಳಲಿಲ್ಲ. ಅವಳು ಅದೇ ಎರಡು ಮಾತನ್ನು ಮತ್ತೆ ಮತ್ತೆ ಹೇಳುವುದನ್ನು ಬಾಳಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

ಪ್ರಣಿತಾ ಕೆಲಸಕ್ಕೆಂದು ಪುಣೆಗೆ ಹೋಗಿ ಮೂರು ವರ್ಷವಾಯಿತು. ಪಾಠ ನಡೆದೇ ಇದೆ. ಬಾಳಮ್ಮನ ಜೊತೆ ಕನ್ನಡ ಆಡುವ ಹುಡುಗಿಯರು ಈಗ ಆಸ್ಪತ್ರೆ ತುಂಬ ಇದ್ದಾರೆ, ಆದರೆ ಅವರಿಗೆ ಬರುವುದೆಲ್ಲ ನೋವಿನ ಮಾತೇ.

ಕಳೆದ ಗುರುವಾರ ಅವಳು ಹೊಸಬರಿಗೆ, "ಊಟಾ ಆಯ್ತೇನ್ರಿ?" ಎಂಬುದನ್ನು ಕಲಿಸಹೋದಳು. ಎಂಥ ಸ್ಥಿತಿಯಲ್ಲಿ ಪೇಶಂಟ್ ಇದನ್ನು ಕೇಳುತ್ತಾನೆಂದು ಒಬ್ಬಳು ಕೇಳಿದಳು.

"ಪೇಶಂಟ್ ಅಲ್ಲವ್ವಾ," ಎಂದಳು ಬಾಳಮ್ಮ. "ಹಂಗೇ, ಮಂದಿ ಮಂದೀಗೆ ಕೇಳೋದು."

ಹುಡುಗಿ ತಲೆಯಾಡಿಸಿ, ಬರೆದುಕೊಳ್ಳದೆ ಪೆನ್ನು ಮುಚ್ಚಿದಳು.